ಹೊಸ ಆಲ್ಬಂ, ಎರಡು ಸಹಿ ಮತ್ತು ನನ್ನ ಕಿವಿ

ಕೆಲವರಿಗೆ ನೆಗಡಿ ಬರುತ್ತದೆ, ನನಗೆ ಪ್ರಸಂಗಗಳು ಬರುತ್ತವೆ. ನಾನು ಕರೆಯುವುದಿಲ್ಲ. ಅವೇ ವಿಳಾಸ ಕೇಳಿಕೊಂಡು ಬಂದು ಬಾಗಿಲು ಬಡಿಯುತ್ತವೆ. ಗೋಕಾಕ ತಾಲೂಕಿನ ನಮ್ಮ ಹಳ್ಳಿಯಲ್ಲಿದ್ದಾಗ ನಡೆದುಕೊಂಡು ಬರುತ್ತಿದ್ದವು, ಪುಣೆಗೆ ಬಂದ ಮೇಲೆ ಕಂಪನಿ ಬಸ್ಸು ಹತ್ತಿ ಬರುತ್ತಿವೆ.

ನಾನು ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟದ ತಪಾಸಣೆಗಾರ. ಗಾಡಿಯ ಬ್ರೇಕಿನ ಬಿಡಿಭಾಗಗಳು ನನ್ನ ಕೈ ದಾಟದೆ ಗೇಟು ದಾಟುವುದಿಲ್ಲ. ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಬರಿಗಣ್ಣಲ್ಲೇ ಹಿಡಿಯುತ್ತೇನೆ. ಅಳತೆಯ ಸಾಧನ ಹಚ್ಚುವುದು ಉಳಿದವರ ಸಮಾಧಾನಕ್ಕೆ. ಇಂಥ ನಾನು ಇನ್ನೂ ಕಾಯಂ ಆಗಿರಲಿಲ್ಲ. ಒಂದು ವರ್ಷದ ಪರೀಕ್ಷಾ ಅವಧಿಯಲ್ಲಿ ಒಂದು ತಿಂಗಳು ಬಾಕಿ ಇತ್ತು. ಕಾಯಂ ಮಾಡುವ ಕಾಗದಕ್ಕೆ ಎರಡು ಸಹಿ ಬೇಕು. ಒಂದು ನಮ್ಮ ವಿಭಾಗದ ಸಾಹೇಬರದು, ಇನ್ನೊಂದು ಎಚ್.ಆರ್. ಮೇಡಂ ಅವರದು.

ಸಾಹೇಬರು ಮರಾಠಿಯವರು, ಪುಣೆಯ ಹಳೇ ಪೇಠೆಯ ಮನುಷ್ಯ, ತಲೆ ಪೂರ್ತಿ ಬೆಳ್ಳಗೆ. ಮೇಡಂ ಧಾರವಾಡ ಕಡೆಯ ಮನೆತನದವರು, ಹುಟ್ಟಿ ಬೆಳೆದದ್ದು ಪುಣೆಯಲ್ಲೇ. ಇಬ್ಬರೂ ನಲವತ್ತು ವರ್ಷದಿಂದ ಬಾರಿಸುತ್ತಲೇ ಇರುವ ಒಂದು ವಿಲಾಯತಿ ರಾಕ್ ಬ್ಯಾಂಡಿನ ಭಕ್ತರು. ಅದರ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಉಚ್ಚಾರ ತಪ್ಪೆಂದು ಸಾಹೇಬರು ಒಂದು ರೀತಿ ತಿದ್ದುತ್ತಾರೆ, ಮೇಡಂ ಇನ್ನೊಂದು ರೀತಿ ತಿದ್ದುತ್ತಾರೆ. ನನ್ನ ಗ್ರಹಚಾರಕ್ಕೆ, ವರ್ಷಾನುಗಟ್ಟಲೆ ಸುಮ್ಮನಿದ್ದ ಆ ಬ್ಯಾಂಡು ಸರಿಯಾಗಿ ಆ ತಿಂಗಳೇ ಹೊಸ ಆಲ್ಬಂ ಹೊರಗೆ ಬಿಟ್ಟಿತು.

ಎಡಗಿವಿ, ಬಲಗಿವಿ

ಪುಣೆಯಿಂದ ಕಾರ್ಖಾನೆಗೆ ಬಸ್ಸಿನಲ್ಲಿ ಒಂದೂವರೆ ತಾಸು. ವಾಘೋಲಿಯ ಟ್ರಾಫಿಕ್ ಮನಸ್ಸು ಮಾಡಿದರೆ ಎರಡು ತಾಸು. ಸಾಹೇಬರು ಎಡಗಡೆಯ ಸೀಟಿನಲ್ಲಿ, ಮೇಡಂ ಬಲಗಡೆಯ ಸೀಟಿನಲ್ಲಿ, ನಡುವಿನ ಹಾದಿಯಲ್ಲಿ ಜಗಳ.

"ಮೂರನೇ ಆಲ್ಬಮ್ಮಿಗೇ ಇವರ ಕಥೆ ಮುಗಿದಿದೆ. ಇದು ಬರೀ ಪೆನ್ಶನ್ ಸಂಗೀತ," ಎಂದು ಸಾಹೇಬರು ಮರಾಠಿಯಲ್ಲಿ.

"ನೀವು ಕೇಳೋದಕ್ಕಿಂತ ಮೊದಲೇ ನಿರ್ಧಾರ ಮಾಡಿ ಕೂತಿದ್ದೀರಿ ಸರ್," ಎಂದು ಮೇಡಂ, ಅವರೂ ಮರಾಠಿಯಲ್ಲಿ.

ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ನಾನು ಎದ್ದು ಮೂಗು ತೂರಿಸಿದೆ. ತೂರಿಸಬಾರದಿತ್ತು. ಆದರೆ ನಮ್ಮ ಹಳ್ಳಿಯಲ್ಲಿ ನಾನು ಕರಡಿ ಎಂಬ ಚರ್ಮವಾದ್ಯ ಬಾರಿಸಿದವನು. ನನ್ನ ಪೆಟ್ಟು ಹೊಳೆ ಆಚೆಯ ಊರಿಗೂ ಕೇಳಿಸುತ್ತಿತ್ತು. "ಸಂಗೀತದ ವಿಷಯ ಅಂದರೆ ನನ್ನನ್ನು ಕೇಳಿ ಸಾಹೇಬ," ಅಂದುಬಿಟ್ಟೆ.

ಇಬ್ಬರೂ ತಿರುಗಿ ನೋಡಿದರು. ಸಾಹೇಬರು ತಮ್ಮ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಎಡಗಿವಿಗೆ ತುರುಕಿದರು, ಅದರಲ್ಲಿ ಹಳೇ ಆಲ್ಬಂ. ಮೇಡಂ ತಮ್ಮದರ ತುದಿಯನ್ನು ಬಲಗಿವಿಗೆ ಕೊಟ್ಟರು, ಅದರಲ್ಲಿ ಹೊಸಾದು. ಎಡಕ್ಕೊಬ್ಬ ಕಿರುಚುತ್ತಿದ್ದ, ಬಲಕ್ಕೊಬ್ಬ ಅಳುತ್ತಿದ್ದ. ಇಬ್ಬರೂ ಒಬ್ಬನೇ ಎಂದು ಆಮೇಲೆ ಗೊತ್ತಾಯಿತು. ಶಿಕ್ರಾಪುರ ದಾಟಿದರೂ ನನಗೆ ಬುಡ ತುದಿ ತಿಳಿಯಲಿಲ್ಲ.

"ಹೇಳ್ರಿ, ಯಾವುದು ಛಲೋ?" ಎಂದರು ಮೇಡಂ.

ಎಡಗಡೆ ಒಂದು ಸಹಿ, ಬಲಗಡೆ ಒಂದು ಸಹಿ. ನಾನು ಗಂಟಲು ಸರಿಪಡಿಸಿಕೊಂಡು ಹೇಳಿದೆ: "ಎರಡೂ ಕೂಡಿ ಭಾಳ ಛಲೋ ಹೊಂದತಾವ್ರಿ."

ಅಳತೆಗೆ ಸಿಕ್ಕ ಹಾಡು

ಆ ಉತ್ತರ ನಡೆಯಲಿಲ್ಲ. "ಹಿಂಗ ಹೇಳಿದರ ಆಗೂದಿಲ್ಲ, ಸರಿಯಾಗಿ ಕೇಳಿ ಹೇಳ್ರಿ," ಎಂದು ಮೇಡಂ ಗಂಟು ಬಿದ್ದರು. ಕಿವಿಯಿಂದ ತಿಳಿಯದ್ದನ್ನು ಕಸುಬಿನಿಂದ ತಿಳಿಯಬೇಕೆಂದು ನಾನು ಶಪಥ ಮಾಡಿದೆ.

ರಜೆಯ ದಿನ ರೂಮಿನಲ್ಲಿ ಕೂತು ಕಾರ್ಖಾನೆಯ ತಪಾಸಣಾ ಫಾರ್ಮಿನ ಮೇಲೆ ಹೊಸ ಆಲ್ಬಮ್ಮಿನ ವರದಿ ತಯಾರಿಸಿದೆ. ಹಳೇ ಆಲ್ಬಂ ಅಂದರೆ ಮಾದರಿ ತುಣುಕು, ಅದರ ಅಳತೆಗೆ ಹೊಸಾದು ಹೊಂದಬೇಕು. ಮಾದರಿಯಲ್ಲಿ ಹಾಡಿನ ಉದ್ದ ಸರಾಸರಿ ನಾಲ್ಕು ನಿಮಿಷ, ಅರ್ಧ ನಿಮಿಷ ಆಚೀಚೆ ಇದ್ದರೆ ಮಾಫಿ. ಹೊಸದರಲ್ಲಿ ಎರಡನೇ ಹಾಡು ಒಂಬತ್ತು ನಿಮಿಷ, ಅಳತೆ ಮೀರಿದೆ, ಕತ್ತರಿಸಿ ಸರಿಪಡಿಸಬಹುದು. ಐದನೇದು ಎರಡೇ ನಿಮಿಷ, ಅಳತೆ ಕಡಿಮೆ, ಇದನ್ನು ಸರಿಪಡಿಸಲು ಬರುವುದಿಲ್ಲ, ಗುಜರಿಗೆ ಹಾಕಬೇಕು. ಹಾಡುವವನು ಕಿರುಚಿದ್ದು ಮಾದರಿಯಲ್ಲಿ ಮೂವತ್ತೊಂದು ಸಲ, ಹೊಸದರಲ್ಲಿ ಹದಿನಾಲ್ಕು ಸಲ. ಸವೆತ ಕಾಣುತ್ತಿದೆ.

ಇಂಥ ವರದಿಯನ್ನು ಆ ಬ್ಯಾಂಡಿನ ಮೇಲೆ ಜಗತ್ತಿನಲ್ಲಿ ಯಾರೂ ಬರೆದಿರಲಿಕ್ಕಿಲ್ಲ. ಎದೆ ಉಬ್ಬಿಸಿಕೊಂಡು ಸೋಮವಾರ ಸಾಹೇಬರ ಟೇಬಲ್ಲಿನ ಮೇಲೆ ಇಟ್ಟೆ. ಹೊಸ ಆಲ್ಬಮ್ಮಿಗೆ ಬೈದದ್ದರಿಂದ ಅವರು ಕುಣಿದಾಡುತ್ತಾರೆಂದು ಲೆಕ್ಕ ಹಾಕಿದ್ದೆ. ಅವರು ಕನ್ನಡಕ ಏರಿಸಿ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದರು. ಕೊನೆಗೆ ಗಂಭೀರವಾಗಿ ಕೇಳಿದರು: "ಸಮಯ ಯಾವುದರಿಂದ ಅಳೆದೆ?"

"ನನ್ನ ಮೊಬೈಲಿನಿಂದ ಸಾಹೇಬ."

"ಆ ಮೊಬೈಲಿನ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್?"

ಅಳತೆಯ ಸಾಧನ ಸರಿ ಇದೆ ಎಂಬ ಆ ಪತ್ರವಿಲ್ಲದೆ ನಮ್ಮಲ್ಲಿ ಯಾವ ಅಳತೆಯೂ ನಡೆಯುವುದಿಲ್ಲ. ಸಾಹೇಬರು ಕೆಂಪು ಪೆನ್ನು ತೆಗೆದು ವರದಿಗೆ ಅಡ್ಡಗೆರೆ ಎಳೆದು ವಾಪಸ್ ಕೊಟ್ಟರು. "ಆಲ್ಬಂ ಕೆಟ್ಟದ್ದು ನಿಜ. ಆದರೆ ಈ ವರದಿ ಅಮಾನ್ಯ."

ನಡುವಿನ ಸಣ್ಣ ಹಾಡು

ಇನ್ನು ಮೇಡಂ ಅವರ ಕಡೆ ತೂಕ ಸರಿಪಡಿಸಬೇಕಲ್ಲ. ಮೊಬೈಲಿನಲ್ಲಿ ಪುಕ್ಕಟೆ ಸಿಗುವ ಆ್ಯಪಿನಲ್ಲಿ ನಾಲ್ಕು ದಿನ ಆಲ್ಬಂ ಹಚ್ಚಿಕೊಂಡು ಓಡಾಡಿದೆ. ನಾಲ್ಕನೇ ದಿನ ಬಸ್ಸು ಹತ್ತಿದ ಕೂಡಲೇ ಶುರು ಮಾಡಿದೆ.

"ಮೇಡಂ, ನೀವು ಹೇಳಿದ್ದು ಖರೇ ಅದ. ಹಾಡ ಹಾಡಿನ ನಡುವ ಒಂದು ಸಣ್ಣ ಹಾಡು ಬರತದ ನೋಡ್ರಿ, ಏನ್ ಜೀವ ಅದ ಅದರಾಗ! ಇಡೀ ಆಲ್ಬಂ ಒಂದು ತೂಕ, ಅದೊಂದ ಒಂದು ತೂಕ."

ಮೇಡಂ ಮುಖ ಅರಳಿತು. "ಯಾವುದ್ರಿ ಅದು? ನನಗ ನೆನಪಾಗವಲ್ದು. ಸ್ವಲ್ಪ ಗುನುಗಿ ತೋರಸ್ರಿ."

ಗುನುಗುವುದು ನಮಗೆ ಗೊತ್ತಿಲ್ಲ. ಬಸ್ಸು ಪೂರ್ತಿ ಕೇಳುವಂತೆ ಹಾಡಿದೆ. ಮುಂದಿನ ಸೀಟಿನಿಂದ ಡ್ರೈವರ್ ಕೂಡ ದನಿಗೂಡಿಸಿದ. ಡ್ರೈವರನಿಗೂ ಗೊತ್ತಿದೆ ಅಂದರೆ ಹಾಡು ಎಷ್ಟು ಪ್ರಸಿದ್ಧವೆಂದು ನನಗೆ ಇನ್ನೂ ಹುರುಪು ಬಂತು. ಮೇಡಂ ಮಾತ್ರ ಮುಖದ ಮೇಲೆ ಕೈ ಇಟ್ಟುಕೊಂಡರು.

"ಅದು ನೀರಿನ ಪೈಪಿನ ಜಾಹೀರಾತ್ರೀ."

ಸಾಹೇಬರು ಪೇಪರಿನ ಹಿಂದಿನಿಂದ ತಲೆ ಎತ್ತಿದರು. "ಇವನನ್ನು ಬೈಯಬೇಡಿ ಮೇಡಂ. ಇಡೀ ಆಲ್ಬಮ್ಮಿಗಿಂತ ಆ ಪೈಪೇ ಚೆನ್ನಾಗಿದೆ."

ಮಜ್ಜಿಗೆಯ ಹೊತ್ತು

ಈಗ ಹೇಳುವುದು ಪುಣೆಯಲ್ಲಿರುವ ನಮ್ಮ ಮಂದಿ ಎಲ್ಲರೂ ಒಮ್ಮೆಯಾದರೂ ಮಾಡಿದ ತಪ್ಪು. ಮಾಡಿಲ್ಲ ಅನ್ನುವವನು ಸುಳ್ಳ.

ಪೈಪಿನ ಪ್ರಸಂಗ ಆದ ಮೇಲೆ ಮೇಡಂ ನನ್ನ ಜೊತೆ ಬಿಗಿಯಾಗಿದ್ದರು. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಮೂವರೂ ಒಂದೇ ಟೇಬಲ್ಲಿಗೆ ಬಂದೆವು. ಎದುರಿಗೆ ಸಾಹೇಬರು ತಲೆ ತಗ್ಗಿಸಿ ಆಮಟಿ ಸಾರು ಅನ್ನ ಕಲಸುತ್ತಿದ್ದರು. ಮೇಡಂ ಅವರನ್ನು ಸಮಾಧಾನ ಮಾಡಲು ಇದೇ ಹೊತ್ತೆಂದು, ಸಾಹೇಬರ ಎದುರೇ ಕನ್ನಡದಲ್ಲಿ ಶುರು ಹಚ್ಚಿದೆ. ಮುಖದ ಮೇಲೆ ಮಾತ್ರ ಹವಾಮಾನದ ಬಗ್ಗೆ ಮಾತಾಡುವ ಕಳೆ.

"ಮೇಡಂ, ಈ ಮುದುಕಪ್ಪನ ಮಾತು ಮನಸಿಗಿ ಹಚ್ಚಿಕೋಬ್ಯಾಡ್ರಿ. ಇವರ ಕಿವಿ ತುಕ್ಕ ಹಿಡದಾವ."

ಮೇಡಂ ಕೆಮ್ಮಿದರು. ನಾನು ನೀರು ಸರಿಸಿದೆ.

"ಏನ್ ಮಾಡೂದ್ರಿ, ಸಹಿ ಆಗೂತನಕ ಹೂಂ ಹೂಂ ಅನಬೇಕು. ಸಹಿ ಬಿತ್ತು ಅಂದ್ರ ನಾ ನಿಮ್ಮ ಪಾರ್ಟಿ."

ಮೇಡಂ ಮತ್ತೆ ಕೆಮ್ಮಿದರು. ಮತ್ತೆ ನೀರು ಸರಿಸಿದೆ. ಅವರು ಕಣ್ಣು ಅರಳಿಸಿ ಹುಬ್ಬು ಕುಣಿಸಿದರು. ನನ್ನ ಮಾತು ಅವರಿಗೆ ಅಷ್ಟು ಹಿಡಿಸಿದೆ ಎಂದುಕೊಂಡು ಇನ್ನೆರಡು ಮಾತು ಹೆಚ್ಚಿಗೆ ಬೈದೆ.

ಸಾಹೇಬರು ಸಾವಕಾಶ ಊಟ ಮುಗಿಸಿದರು. ಕೈ ತೊಳೆದು ಬಂದು, ತಮ್ಮ ಮಜ್ಜಿಗೆಯ ಲೋಟವನ್ನು ನನ್ನ ಮುಂದೆ ಇಟ್ಟರು. ಆಮೇಲೆ ನಮ್ಮ ಊರಿನ ಸಂತೆಯಲ್ಲಿ ನಿಂತವರ ಹಾಗೆ ಹೇಳಿದರು:

"ಮಜ್ಜಿಗಿ ಕುಡಿಯಪಾ, ಬಾಯಿ ಒಣಗಿರ್ತದ. ಬೆಳಗಾವ್ಯಾಗ ಫೌಂಡ್ರಿಯೊಳಗ ಹನ್ನೊಂದ ವರ್ಷ ತಗದೇನಿ. ಕಿವಿಗಿ ತುಕ್ಕ ಹಿಡದದ, ಖರೆ. ಆದರ ಕನ್ನಡ ಇನ್ನೂ ಕೇಳಸ್ತದ."

ಗೋಡೆಗೆ ಮುಖ ಮಾಡಿ

ಅಷ್ಟಕ್ಕೇ ನಿಲ್ಲಲಿಲ್ಲ. ಮೇಡಂ ಬಾರದ ಒಂದು ದಿನ ಬಸ್ಸಿನಲ್ಲಿ ನಾನು ಸಾಹೇಬರಿಗೆ ಮರಾಠಿಯಲ್ಲಿ ಮೇಡಂ ಬಗ್ಗೆ ಹೇಳಿದ್ದನ್ನೂ ಅವರು ಮೇಡಂಗೆ ಒಪ್ಪಿಸಿದರು. "ಹೊಸದೆಲ್ಲ ಛಲೋ ಅನ್ನುವ ಫ್ಯಾಶನ್ನಿನ ಹೆಂಗಸು" ಎಂದದ್ದು ನಾನೇ. ಹೀಗಾಗಿ ಒಂದೇ ಊಟದಲ್ಲಿ ಎರಡೂ ಸಹಿ ಕೈತಪ್ಪಿದ ಹಾಗಾಯಿತು.

ಮರುದಿನ ಸಾಹೇಬರು ತಮ್ಮ ಕೋಣೆಗೆ ಕರೆದರು. "ನೋಡು. ನನಗೆ ಬೈದದ್ದಕ್ಕೆ ಸಿಟ್ಟಿಲ್ಲ. ಆದರೆ ತಪಾಸಣೆ ಮಾಡುವವನು ಎದುರಿಗಿದ್ದವರ ಮುಖ ನೋಡಿ ಓಕೆ, ರಿಜೆಕ್ಟ್ ಬರೆದರೆ ರಸ್ತೆಯ ಮೇಲೆ ಗಾಡಿ ನಿಲ್ಲುವುದಿಲ್ಲ. ಅಂಥವನಿಗೆ ನಾನೂ ಸಹಿ ಮಾಡುವುದಿಲ್ಲ, ಮೇಡಮ್ಮೂ ಮಾಡುವುದಿಲ್ಲ. ಭಾನುವಾರ ನಾಲ್ಕಕ್ಕೆ ನನ್ನ ಮನೆಗೆ ಬಾ. ಆಲ್ಬಂ ಪೂರ್ತಿ ಕೇಳು. ಒಂದೇ ಒಂದು ಸಲ ನಿನಗೆ ಅನಿಸಿದ್ದನ್ನು ಹೇಳು."

ಮೂರೂವರೆಗೇ ಹೋದೆ. ಪುಣೆಯ ಪೇಠೆಗಳ ಪದ್ಧತಿಯಂತೆ ಬಾಗಿಲಿನ ಮೇಲೆ ಬೋರ್ಡು: ಒಂದರಿಂದ ನಾಲ್ಕರವರೆಗೆ ವಿಶ್ರಾಂತಿ, ಗಂಟೆ ಒತ್ತಬಾರದು. ಮೆಟ್ಟಿಲ ಮೇಲೆ ಮೇಡಂ, ಅವರ ಪಕ್ಕದಲ್ಲಿ ಬ್ಯಾಂಡಿನ ಇನ್ನೂ ಮೂವರು ಅಭಿಮಾನಿಗಳು ಸಾಲಾಗಿ ಕೂತಿದ್ದರು. ಐವತ್ತು ದಾಟಿದವರು, ಹೊಟ್ಟೆಯ ಮೇಲೆ ಬಿಗಿಯಾದ ಕಪ್ಪು ಟೀಶರ್ಟು, ಅದರ ಮೇಲೆ ತಲೆಬುರುಡೆಯ ಚಿತ್ರ. ಅಂಥವರು ನೆರೆಮನೆಯವರ ನಿದ್ದೆ ಕೆಡಬಾರದೆಂದು ಪಿಸುಪಿಸು ದನಿಯಲ್ಲಿ ಜಗಳವಾಡುತ್ತಿದ್ದರು. ಸರಿಯಾಗಿ ನಾಲ್ಕಕ್ಕೆ ಬಾಗಿಲು ತೆರೆಯಿತು.

ಒಳಗೆ ಪೋಹೆ ಕೊಟ್ಟರು, ಕುರ್ಚಿ ಕೊಟ್ಟರು. ಆ ಕುರ್ಚಿಯನ್ನು ಸಾಹೇಬರು ತಾವೇ ಎತ್ತಿ ಗೋಡೆಯ ಕಡೆ ತಿರುಗಿಸಿದರು. "ಇವತ್ತು ಯಾರ ಮುಖವೂ ನಿನಗೆ ಕಾಣಬಾರದು."

ನನ್ನ ಎದುರಿಗೆ ಬಿಳಿ ಗೋಡೆ, ಒಂದು ಮೊಳೆ. ಒಂಬತ್ತು ಹಾಡು. ಯಾರು ತಲೆದೂಗಿದರು, ಯಾರು ಮೂಗು ಮುರಿದರು, ಒಂದೂ ಗೊತ್ತಾಗಲಿಲ್ಲ. ಮೊಳೆ ಏನೂ ಸುಳಿವು ಕೊಡಲಿಲ್ಲ. ಮೂರನೇ ಹಾಡು ಹಳೇ ಧಾಟಿಯದೋ ಹೊಸ ಧಾಟಿಯದೋ, ಛಲೋನೋ ಕೆಟ್ಟದ್ದೋ, ನನ್ನ ತಲೆಯಲ್ಲಿ ಕಲಸುಮೇಲೋಗರವಾಯಿತು. ಆದರೆ ಒಂದು ಹಾಡಿನಲ್ಲಿ ನನ್ನ ಕಾಲು ತಾನಾಗಿಯೇ ತಾಳ ಹಾಕಿತು. ಜೀವನದಲ್ಲಿ ಮೊದಲ ಸಲ ನನಗೆ ಒಂದು ಅಭಿಪ್ರಾಯ ಸಿಕ್ಕಿತು.

ಆಲ್ಬಂ ಮುಗಿಯಿತು. "ಹೇಳು," ಎಂದರು ಸಾಹೇಬರು.

"ಆರನೇ ಹಾಡು ಭಾಳ ಛಲೋ ಅದ," ಎಂದು ಗೋಡೆಗೆ ಹೇಳಿದೆ.

ಬೆನ್ನ ಹಿಂದೆ ಸಾಹೇಬರ ದನಿ, ಮೇಡಂ ಅವರ ದನಿ, ಎರಡೂ ಒಂದೇ ಸಲ: "ಆರನೇದಾ?"

ಆರನೇ ಹಾಡು ಡ್ರಮ್ ಬಾರಿಸುವವನು ತನ್ನ ನಾಯಿ ಸತ್ತದ್ದಕ್ಕೆ ತಾನೇ ಬರೆದು, ಹಾಡಲು ಬಾರದ ಗಂಟಲಿನಲ್ಲಿ ತಾನೇ ಹಾಡಿದ್ದಂತೆ. ಹೊಸದನ್ನು ಹೊಗಳುವವರೂ ಹಳೇದನ್ನು ಹೊಗಳುವವರೂ ಅದೊಂದನ್ನು ದಾಟಿಸಿಬಿಡುತ್ತಾರಂತೆ. ನಾನು ತಾಳ ಹಾಕಿದ್ದು ಶೋಕಗೀತೆಗೆ. ಐದೂ ಜನ ಸೇರಿ ಒಂದು ತಾಸು ನನಗೆ ತಿಳಿಹೇಳಿದರು. ಒಂದು ತಿಂಗಳು ಕಚ್ಚಾಡಿದವರು ಒಬ್ಬರ ಮಾತನ್ನು ಒಬ್ಬರು ಪೂರ್ತಿ ಮಾಡತೊಡಗಿದರು.

"ಆರನೇದನ್ನು ಬಿಟ್ಟರೆ ಆಲ್ಬಂ ಅಷ್ಟೇನೂ ಕೆಟ್ಟದ್ದಲ್ಲ ಬಿಡಿ," ಎಂದರು ಸಾಹೇಬರು.

"ಆರನೇದನ್ನು ಹಿಡಿದರೆ ಅಷ್ಟೇನೂ ಚೆನ್ನಾಗಿಲ್ಲ ಸರ್," ಎಂದರು ಮೇಡಂ.

ಯಾರು ಯಾವ ಪಾರ್ಟಿ ಎಂಬುದೇ ನನಗೆ ಗೊತ್ತಾಗದೆ ಹೋಯಿತು. ಕೊನೆಗೆ ಸಾಹೇಬರು ನನ್ನ ಕುರ್ಚಿಯನ್ನು ತಿರುಗಿಸಿ ಕೂಡಿಸಿದರು. ಈಗ ಐದೂ ಮುಖ ಕಾಣುತ್ತಿದ್ದವು. ನಾನು ಏನು ಹೇಳಿದರೆ ಅವರಿಗೆ ಸಂತೋಷ ಎಂಬುದು ಐದೂ ಮುಖದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು.

"ಇಷ್ಟೆಲ್ಲ ಕೇಳಿದ ಮೇಲೆ ಹೇಳು. ಇನ್ನೂ ಆರನೇದೇ ಇಷ್ಟವಾ?"

ಬಾಯಿ ತುದಿಗೆ ಬಂದಿತ್ತು, ಇಲ್ಲ ಅನ್ನಬೇಕೆಂದು. ಆದರೆ ಗೋಕಾಕದ ನೀರು ಕುಡಿದ ಗಂಡಸು ನಾನು. "ಹೌದ್ರಿ. ಸಹಿ ಮಾಡ್ರಿ, ಬಿಡ್ರಿ. ನನಗ ಅದ ಇಷ್ಟ ಆತು."

ಮಂಗಳವಾರ ಕಾಗದ ಕೈಗೆ ಬಂತು. ಎರಡೂ ಸಹಿ ಇದ್ದವು. ಷರಾ ಬರೆಯುವ ಜಾಗದಲ್ಲಿ ಸಾಹೇಬರು ಒಂದು ಸಾಲು ಬರೆದಿದ್ದರು: "ಬ್ರೇಕಿನ ಬಿಡಿಭಾಗಗಳ ವಿಷಯದಲ್ಲಿ ಇವರ ತೀರ್ಪನ್ನು ಕಣ್ಣು ಮುಚ್ಚಿ ನಂಬಬಹುದು." ಅದರ ಕೆಳಗೆ ಮೇಡಂ ಇನ್ನೊಂದು ಸಾಲು ಸೇರಿಸಿದ್ದರು: "ಆ ಒಂದು ವಿಷಯದಲ್ಲಿ ಮಾತ್ರ."

ಇದು ಹೊಗಳಿಕೆಯೋ ಬೈಗುಳವೋ ಇವತ್ತಿಗೂ ನನಗೆ ತಿಳಿದಿಲ್ಲ. ಊರಿಗೆ ಫೋನ್ ಹಚ್ಚಿ ಮೇಲಿನ ಸಾಲನ್ನು ಮಾತ್ರ ಓದಿ ಹೇಳಿದ್ದೇನೆ.