ನಾಲ್ಕು ಕೇರಿಗೆ ನಾಲ್ಕು ಬಣ್ಣ

ನಮ್ಮ ಮನೆಯಲ್ಲಿ ಬಣ್ಣದ ಖಾತೆ ಹೆಂಡತಿಯದು. ಗೋಡೆಗೆ ಯಾವುದು, ಪರದೆಗೆ ಯಾವುದು, ನನ್ನ ಅಂಗಿಗೆ ಯಾವುದು ಎಂಬುದೆಲ್ಲ ಶೋಭಾಳದೇ ತೀರ್ಮಾನ. ಇದಕ್ಕೆ ಕಾರಣವೂ ಉಂಟು. ಹತ್ತು ವರ್ಷದ ಹಿಂದೆ ಅವಳು ತವರುಮನೆ ಸದಾಶಿವಗಡಕ್ಕೆ ಹೋಗಿದ್ದ ನಾಲ್ಕು ದಿನದಲ್ಲಿ ನಾನೇ ಧೈರ್ಯ ಮಾಡಿ ಕಂಪೌಂಡಿಗೆ ಬಣ್ಣ ಹೊಡೆಸಿದೆ. ಅಂಗಡಿಯವನು ಡಬ್ಬದ ಮುಚ್ಚಳದ ಮೇಲೆ ತೋರಿಸಿದ್ದು ತಿಳಿನೀಲಿ. ಗೋಡೆಯ ಮೇಲೆ ಒಣಗಿದ ನಂತರ ಅದಕ್ಕೆ ಏನಾಯಿತೋ, ಬಸ್ಸಿಗೆ ಕಾಯುವವರು ಗೇಟು ತೆಗೆದು ಒಳಗೆ ಬಂದು, “ಗಂಡಸರದ್ದು ಯಾವ ಬದಿಗೆ?” ಎಂದು ಕೇಳತೊಡಗಿದರು. ಶೋಭಾ ಮರಳಿ ಬಂದವಳು ಗೇಟಿನಲ್ಲೇ ನಿಂತು ಕೊಂಕಣಿಯಲ್ಲಿ ದೇವರನ್ನು ಕರೆದಳು. ಅಂದಿನಿಂದ ನನ್ನ ಕೈಗೆ ಕುಂಚ ಹೋಗಲಿ, ಸ್ಕೆಚ್ ಪೆನ್ನು ಸಹ ಬಂದಿಲ್ಲ. ಇಂಥ ಹಸಿದ ಮನುಷ್ಯನ ಮುಂದೆ ಐವತ್ತು ದಾಟಿದ ಮೇಲೆ ಯಾರೋ ನೂರಾರು ಬಣ್ಣ ತಂದು ಸುರಿದರೆ ಅವನು ಏನು ಮಾಡಿಯಾನು? ಮುಳುಗಿಯಾನು. ನಾನೂ ಮುಳುಗಿದೆ.

ನಾನು ಕಾರವಾರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವನು. ಮನೆ ಅಂಕೋಲೆಯ ಕಡೆ, ಗಂಗಾವಳಿ ಹೊಳೆ ಕಡಲಿಗೆ ಸೇರುವುದಕ್ಕೆ ಸ್ವಲ್ಪ ಮೊದಲು ಸಿಗುವ ಹಳ್ಳಿಯಲ್ಲಿ. ಕಳೆದ ವರ್ಷ ನಮ್ಮ ಕಾಲೇಜಿನಲ್ಲಿ ಅಧ್ಯಾಪಕರಿಗೆಂದು ಮೂರು ದಿನದ ತರಬೇತಿ ಆಯಿತು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಿಂದ ನಕ್ಷೆ ಬಿಡಿಸುವುದು ಹೇಗೆ ಎಂಬುದು ವಿಷಯ. ಇದಕ್ಕೆಂದೇ ಒಂದು ಲೈಬ್ರರಿ ಇದೆ. ಯಾರೋ ಪುಣ್ಯಾತ್ಮರು ಬರೆದಿಟ್ಟ ಆಜ್ಞೆಗಳ ಕಟ್ಟು ಅದು. ನಾವು ಅಂಕಿ ಕೊಟ್ಟರೆ ಸಾಕು, ಗೆರೆ ಅದೇ ಎಳೆಯುತ್ತದೆ. ಗೆರೆಯ ಬಣ್ಣ, ದಪ್ಪ, ಚುಕ್ಕಿ, ಹಿನ್ನೆಲೆ, ಅಕ್ಷರದ ಗಾತ್ರ ಎಲ್ಲವೂ ನಮ್ಮ ಇಷ್ಟ. ಉಳಿದವರು ಅಂಕಿಗಳನ್ನು ಸರಿಯಾಗಿ ಜೋಡಿಸುವುದನ್ನು ಕಲಿಯುತ್ತಿದ್ದಾಗ ನಾನು ಬಣ್ಣಗಳ ಪಟ್ಟಿ ತೆರೆದು ಕುಳಿತಿದ್ದೆ. ಟೊಮೆಟೊ ಹೆಸರಿನ ಬಣ್ಣ, ಪಪ್ಪಾಯಿ ಹೆಸರಿನ ಬಣ್ಣ, ಗೋಧಿ, ಜೋಳ, ಆಲಿವ್ ಹೆಸರಿನವು, ಮಂಜು ಮುಸುಕಿದ ಗುಲಾಬಿ. ಸಾಲ್ಮನ್ ಎಂಬ ಪರದೇಶಿ ಮೀನಿನ ಬಣ್ಣವೂ ಇತ್ತು, ಅದೂ ಮೂರು ಬಗೆಯಲ್ಲಿ. ನಮ್ಮ ಬಂಗಡೆಯದು ಮಾತ್ರ ಇರಲಿಲ್ಲ. ಆ ಬಗ್ಗೆ ತರಬೇತಿಯ ಕೊನೆಗೆ ಕೊಟ್ಟ ಅಭಿಪ್ರಾಯದ ಹಾಳೆಯಲ್ಲಿ ಖಾರವಾಗಿಯೇ ಬರೆದಿದ್ದೇನೆ.

ನಮ್ಮೂರಿನ ಸಂಕಟ ಬೇರೆ. ಬೇಸಿಗೆ ಬಂತೆಂದರೆ ಹೊಳೆಯಲ್ಲಿ ಸಿಹಿನೀರಿನ ರಭಸ ಇಳಿದು ಕಡಲಿನ ನೀರು ಮೇಲೇರುತ್ತದೆ, ಬಾವಿಗಳು ಉಪ್ಪಾಗುತ್ತವೆ. ಊರಿಗೆ ನಾಲ್ಕು ಕೇರಿ: ಗುಡಿಕೇರಿ, ಹೊಸಕೇರಿ, ನಾವಿರುವ ಮೇಲಿನಕೇರಿ, ಮತ್ತು ಹೊಳೆಯ ಅಂಚಿನ ಗಜನಿಕೇರಿ. ಗಜನಿ ಎಂದರೆ ಉಪ್ಪುನೀರು ಹತ್ತಿ ಇಳಿಯುವ ಗದ್ದೆ. ಹೆಸರಿನಲ್ಲೇ ಆ ಕೇರಿಯ ಹಣೆಬರಹವಿದೆ. ಬೇಸಿಗೆಯಲ್ಲಿ ಮೇಲಿನವರು ಮಂಜೂರು ಮಾಡಿದರೆ ಸುಂಕಸಾಳದ ಕಡೆಯಿಂದ ಸಿಹಿನೀರು ತುಂಬಿಕೊಂಡು ಒಂದು ಟ್ಯಾಂಕರ್ ಬರುತ್ತದೆ. ಒಂದೇ ಟ್ಯಾಂಕರ್, ಒಂದೇ ಕೇರಿಗೆ. ಅದು ಯಾವ ಕೇರಿಗೆ ಎಂಬುದರ ಮೇಲೆ ಪ್ರತಿವರ್ಷ ಜಗಳ. ಈ ಸಲ ಪಂಚಾಯಿತಿ ಅಧ್ಯಕ್ಷ ಹಮ್ಮಣ್ಣನವರು ನನ್ನ ಮನೆಗೇ ಬಂದರು.

“ಮಾಸ್ತರ್ರೇ, ನಿಮ್ಮತ್ರ ಉಪ್ಪು ಅಳೆಯೂ ಮಿಷಿನ್ ಅದೆ ಅಲ್ಲಾ? ನಾಕೂ ಕೇರಿ ಬಾವಿ ಅಳದು ಒಂದು ನಕ್ಷೆ ಮಾಡ್ಕೊಡಿ. ನಕ್ಷೆ ಇಲ್ಲದಿದ್ರೆ ಮೇಲಿನವ್ರು ಕಾಗದ ಓದುದೇ ಇಲ್ಲ.”

“ಮಾಡೋಣ. ಅದಕ್ಕೆ ಒಂದು ಲೈಬ್ರರಿ ಇದೆ,” ಎಂದೆ.

“ಲೈಬ್ರರಿಯಿಂದ ತರ್ತ್ರಾ? ಹಂಗಾದ್ರೆ ಪಕ್ಕಾ ಆಯ್ತು,” ಎಂದು ಅವರು ಸಂತೋಷದಿಂದ ಎದ್ದರು. ನಾನು ಪುಸ್ತಕದಿಂದ ಹರಿದು ತರುತ್ತೇನೆಂದು ಅವರು ತಿಳಿದದ್ದು ನನಗೆ ಆಮೇಲೆ ಗೊತ್ತಾಯಿತು.

ಪ್ರಯೋಗಶಾಲೆಯಿಂದ ಪೆನ್ನಿನಂಥ ಮೀಟರ್ ತಂದು ಸಂಕ್ರಾಂತಿಯಿಂದ ಪ್ರತಿ ಆದಿತ್ಯವಾರ ನಾಲ್ಕು ಬಾವಿಗಳಿಗೂ ಹೋದೆ. ಗಜನಿಕೇರಿಯಲ್ಲಿ ನಾನು ಅಳೆಯುತ್ತಿದ್ದದ್ದು ಬುದವಂತಕ್ಕನ ಮನೆಯ ಬಾವಿ. ಗದ್ದೆ ಅಂಚಿನಲ್ಲಿ ತರಕಾರಿ ಬೆಳೆದು ಅಂಕೋಲೆಯ ಪೇಟೆಗೆ ಒಯ್ಯುವ ಗಟ್ಟಿ ಹೆಂಗಸು ಅವಳು. ಪ್ರತಿವಾರ ಅವಳೇ ಕೊಡಪಾನ ಇಳಿಸಿ ನೀರು ಎತ್ತಿಕೊಡುವಳು, ಆಮೇಲೆ ಚಾ ಕೊಡುವಳು. ಶಿವರಾತ್ರಿಯವರೆಗೆ ಅದು ಚಾ ಆಗಿತ್ತು. ಆಮೇಲೆ ಹಾಲು ಒಡೆಯಲು ಶುರುವಾಗಿ ಕರಿ ಚಾ ಆಯಿತು. ಯುಗಾದಿಯ ಹೊತ್ತಿಗೆ ಅವಳು, “ಇವತ್ತು ಚಾ ಬ್ಯಾಡ ಮಾಸ್ತರ್ರೇ, ನಿಮ್ಗೆ ಕುಡುಕೆ ಆಗುದಿಲ್ಲ,” ಎಂದು ಒಂದು ಸೌತೆಕಾಯಿ ಕೊಟ್ಟು ಕಳಿಸಿದಳು.

ಅಂಕಿಗಳನ್ನು ಕಂಪ್ಯೂಟರಿಗೆ ಕೊಟ್ಟಾಗ ಲೈಬ್ರರಿ ತನ್ನಷ್ಟಕ್ಕೇ ನಾಲ್ಕು ಗೆರೆ ಎಳೆಯಿತು: ಗುಡಿಕೇರಿ ನೀಲಿ, ಹೊಸಕೇರಿ ಕಿತ್ತಳೆ, ಮೇಲಿನಕೇರಿ ಹಸಿರು, ಗಜನಿಕೇರಿ ಕೆಂಪು. ಕೆಂಪು ಗೆರೆ ಉಳಿದ ಮೂರನ್ನೂ ಕೆಳಗೆ ಬಿಟ್ಟು ತೆಂಗಿನಮರ ಹತ್ತುವವನಂತೆ ನೆಟ್ಟಗೆ ಮೇಲೆ ಹೋಗಿತ್ತು. ಅಂಗನವಾಡಿ ಮಗುವಿಗೂ ಅರ್ಥವಾಗುವಂಥ ನಕ್ಷೆ. ನಾನು ಅಲ್ಲಿಗೇ ಕಂಪ್ಯೂಟರ್ ಮುಚ್ಚಿ ಎದ್ದಿದ್ದರೆ ನಿಮಗೆ ಈ ಪ್ರಬಂಧ ಓದುವ ಕಷ್ಟ ಇರುತ್ತಿರಲಿಲ್ಲ.

ಪಂಚಾಯಿತಿಯಲ್ಲಿ ಅದನ್ನು ತೋರಿಸಿದೆ. ಉಪ್ಪಿನ ವಿಷಯ ಯಾರೂ ಎತ್ತಲಿಲ್ಲ. ಹೊಸಕೇರಿಯ ಸದಸ್ಯರು ತಮ್ಮ ಕೇರಿಗೆ ಕೇಸರಿ ಹಚ್ಚಿ ಒಂದು ಪಕ್ಷಕ್ಕೆ ಸೇರಿಸಿದ್ದು ಯಾರ ಚಿತಾವಣೆ ಎಂದು ಕೇಳಿದರು. ಅದು ಕಿತ್ತಳೆ ಎಂದರೆ ಒಪ್ಪಲಿಲ್ಲ. ಆಗ ನೀಲಿಯ ಮೇಲೆ, ಹಸಿರಿನ ಮೇಲೆ ತಕರಾರು ಬಂತು. ನಮ್ಮ ದೇಶದಲ್ಲಿ ಬಳಕೆಯಾಗದೆ ಉಳಿದ ಬಣ್ಣ ಎಷ್ಟು ಕಡಿಮೆ ಎಂಬುದು ನನಗೆ ಅಂದು ತಿಳಿಯಿತು. ಎಲ್ಲಕ್ಕಿಂತ ಜೋರಾಗಿ ಎದ್ದು ನಿಂತವರು ಗಜನಿಕೇರಿಯ ಸದಸ್ಯರೇ.

“ಕೆಂಪು ಅಂದ್ರೆ ಅಪಾಯ. ನಮ್ಮ ಕೇರಿ ನೀರು ಅಪಾಯ ಹೇಳಿ ಬರೆದ್ರೆ ನಾಳೆ ನಮ್ಮನೆ ಹುಡ್ಗೀರ್ನ ನೋಡುಕೆ ಯಾರ್ ಬರ್ತ್ರು? ನಮ್ಗೆ ಕೆಂಪು ಬ್ಯಾಡ.”

“ಬದಲು ಮಾಡ್ತೇನೆ,” ಎಂದೆ. ಬೇಸರದಿಂದ ಹೇಳಿದೆ ಎಂದು ನೀವು ತಿಳಿದರೆ ನೀವು ಬಹಳ ಒಳ್ಳೆಯವರು. ಒಳಗೊಳಗೆ ನನಗೆ ಹಬ್ಬ.

ಆ ವಾರವಿಡೀ ಕಾಲೇಜಿನಿಂದ ಬಂದವನೇ ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ. ಮೊದಲು ಕನ್ನಡದ ಪಾಡು. ಕೇರಿಗಳ ಹೆಸರನ್ನು ಕನ್ನಡದಲ್ಲಿ ಕೊಟ್ಟರೆ ಅಕ್ಷರದ ಬದಲು ಖಾಲಿ ಚೌಕಗಳು ಸಾಲಾಗಿ ಬಂದವು. ನಮ್ಮ ನಾಲ್ಕೂ ಕೇರಿ ಬೆಂಕಿಪೊಟ್ಟಣದ ಅಂಗಡಿಯಾದವು. ಬೇರೆ ಫಾಂಟ್ ಹುಡುಕಿ ಹಾಕಿದೆ. ಅಕ್ಷರ ಬಂತು, ಒತ್ತಕ್ಷರ ಬರಲಿಲ್ಲ. ನಕ್ಷೆಯ ಕೆಳಗೆ ಅಧ್ಯಕ್ಷರ ಹೆಸರು ‘ಹಮ್‌ಮಣ್‌ಣ’ ಎಂದು ಮೂಡಿತು. ಅವರು ಅದನ್ನು ಬೆರಳಿನಿಂದ ಮುಟ್ಟಿ ನೋಡಿ, “ನನ್ನ ಕೈಕಾಲು ಯಾರು ಮುರ್ದದ್ದು ಮಾರಾಯ್ರೆ?” ಎಂದು ನೊಂದು ಕೇಳಿದರು. ಕೊನೆಗೆ ಅವರ ಹೆಸರನ್ನೇ ತೆಗೆದು ‘ಅಧಿಕಾರಿಗಳ ಅವಗಾಹನೆಗೆ’ ಎಂದು ಹಾಕಿದೆ. ಅದರಲ್ಲಿ ಒತ್ತಕ್ಷರವಿಲ್ಲ.

ಆಮೇಲೆ ಗೆರೆಗಳು. ಗುಡಿಕೇರಿಗೆ ಗೋಧಿಬಣ್ಣ, ಹೊಸಕೇರಿಗೆ ಮಸುಕು ಗುಲಾಬಿ. ಯಾವ ಪಕ್ಷಕ್ಕೂ ಬೇಡವಾದ ಬಣ್ಣಗಳು. ಕೆಂಪು ಕಳೆದುಕೊಂಡ ಗಜನಿಕೇರಿಗೆ ಯಾರ ಮನಸ್ಸೂ ನೋಯದ ತಿಳಿಬೂದಿ. ಅದು ಇನ್ನೂ ಸೌಮ್ಯವಾಗಿರಲೆಂದು ಸಣ್ಣ ಚುಕ್ಕಿಗಳ ಗೆರೆ. ದಪ್ಪ ಗೆರೆ ಹೇಗೆ ಕಾಣುತ್ತದೆ, ಗೆರೆಯ ಮೇಲೆ ದುಂಡು ಮಣಿ ಪೋಣಿಸಿದರೆ ಹೇಗೆ ಎಂದು ಪ್ರಯೋಗ ಮಾಡಲು ಬೇರೆಯವರ ಕೇರಿ ಯಾಕೆಂದು ನಮ್ಮ ಮೇಲಿನಕೇರಿಯನ್ನೇ ಬಳಸಿಕೊಂಡೆ. ನವಿಲುಗರಿಯ ಬಣ್ಣ, ಹೆಬ್ಬೆರಳಿನ ದಪ್ಪ, ಮೇಲೆ ಬಿಳಿ ಅಂಚಿನ ಮಣಿಗಳು. ಎಷ್ಟು ಚೆನ್ನಾಗಿ ಬಂತೆಂದರೆ ತೆಗೆಯಲು ಮನಸ್ಸೇ ಬರಲಿಲ್ಲ. ಯಾವ ಬಣ್ಣ ಯಾವ ಕೇರಿ ಎಂದು ಹೇಳುವ ಸಣ್ಣ ಚೌಕವನ್ನು ಬಲಗಡೆ ಮೇಲಿನ ಮೂಲೆಯಲ್ಲಿಟ್ಟೆ, ನೆರಳು ಕೊಟ್ಟೆ. ಗಜನಿಕೇರಿಯ ಗೆರೆ ಏರಿ ಏರಿ ಹೋಗಿ ಮುಟ್ಟುವುದು ಅದೇ ಮೂಲೆಯನ್ನು. ಗೆರೆಯ ತುದಿ ಚೌಕದ ಅಡಿಗೆ ಹೋಯಿತು. ನಾನು ಚೌಕದ ನೆರಳನ್ನು ಮೆಚ್ಚುತ್ತಿದ್ದೆ.

ಶೋಭಾ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. “ನಮ್ಮ ಕೇರಿದು ಕಾಣ್ತದೆ. ಉಳಿದ ಮೂರು ಎಲ್ಲಿ?”

“ಇವೆ, ಸರಿಯಾಗಿ ನೋಡು.”

“ನಾನು ಸರಿಯಾಗೇ ನೋಡ್ತಾ ಇದ್ದೇನೆ. ನೋಡುವವ್ರಿಗೆ ಅಷ್ಟು ಪುರಸೊತ್ತು ಇರ್ತದಾ?”

ಬಣ್ಣದ ಖಾತೆ ಕೈತಪ್ಪುತ್ತದೆಂಬ ಹೊಟ್ಟೆಕಿಚ್ಚು ಇದು ಎಂದು ನಾನು ತೀರ್ಮಾನಿಸಿದೆ.

ಟ್ಯಾಂಕರ್ ಹಂಚುವ ಸಭೆ ನಡೆದದ್ದು ಅಂಕೋಲೆಯ ಒಂದು ಕಚೇರಿಯಲ್ಲಿ, ಯಾವುದೆಂದು ಕೇಳಬೇಡಿ. ಉಳಿದ ಊರಿನವರು ಕೈಬರಹದ ಪಟ್ಟಿ ತಂದಿದ್ದರು. ನನ್ನ ನಕ್ಷೆ ಗೋಡೆಯ ಮೇಲೆ ಬಿದ್ದಾಗ ಅಧಿಕಾರಿಗಳು ಕುರ್ಚಿಯಲ್ಲಿ ನೆಟ್ಟಗಾದರು. “ವಾಹ್! ಹೀಗಿರಬೇಕು ನೋಡಿ. ಸಮಸ್ಯೆ ಎದ್ದು ಕಾಣ್ತದೆ,” ಎಂದರು. ಯಾವ ತಂತ್ರಾಂಶ ಎಂದು ಕೇಳಿದರು. ನಾನು ಎದ್ದು ನಿಂತು ಹತ್ತು ನಿಮಿಷ ಮಾತಾಡಿದೆ. ಕಾಗದದ ಅಂಚಿನಿಂದ ನಕ್ಷೆಯವರೆಗೆ ಎಷ್ಟು ಜಾಗ ಬಿಡಬೇಕೆಂಬುದನ್ನೂ ಬಿಡಲಿಲ್ಲ. ಗಜನಿಕೇರಿ ಎಂಬ ಶಬ್ದ ಮಾತ್ರ ನನ್ನ ಬಾಯಿಂದ ಬರಲಿಲ್ಲ. ನಾನು ಕೂತ ಮೇಲೆ ಅವರು ಆದೇಶ ಬರೆಸಿದರು: ಟ್ಯಾಂಕರ್ ಮೇಲಿನಕೇರಿಗೆ.

ಕೇರಿ ತಪ್ಪಾಯಿತು ಎಂದು ಹೇಳಲು ಏಳಹೋದೆ. ಹಮ್ಮಣ್ಣನವರು ಅಂಗಿ ಹಿಡಿದು ಎಳೆದರು. “ಸುಮ್ನೆ ಕೂತ್ಕಳಿ ಮಾಸ್ತರ್ರೇ. ಹ್ಯಾಂಗೂ ನಮ್ಮೂರಿಗೇ ಬಂತಲ್ಲಾ.” ಅವರು ಎಳೆದದ್ದು ಮೆಲ್ಲಗೆ. ನಾನು ಕೂತದ್ದು ಬೇಗ. ಇದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಬುಧವಾರ ಟ್ಯಾಂಕರ್ ನಮ್ಮ ಮನೆಯ ಮುಂದೆಯೇ ನಿಂತಿತು. ಕೇರಿಯವರು ನನ್ನನ್ನು ಹೊಗಳಿದ್ದೇ ಹೊಗಳಿದ್ದು. ನಮ್ಮ ಬಾವಿಗಳ ನೀರು ಇನ್ನೂ ಕುಡಿಯುವಂತೆಯೇ ಇದ್ದುದರಿಂದ ಟ್ಯಾಂಕರಿನ ನೀರಿನಲ್ಲಿ ಕೆಲವರು ಬೈಕ್ ತೊಳೆದರು. ಮೂರನೆಯ ದಿನ ಬೆಳಿಗ್ಗೆ ಬುದವಂತಕ್ಕ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಅಷ್ಟು ದೂರದಿಂದ ನಡೆದುಬಂದಳು. ತುಂಬಿಕೊಂಡ ಮೇಲೆ ಕೊಡಗಳನ್ನು ನಮ್ಮ ಜಗಲಿಯ ಮೇಲಿಟ್ಟು, “ಆ ನಕ್ಷೆ ಒಂದ್ ಸಲ ತೋರ್ಸಿ, ನೋಡ್ವಾ,” ಎಂದಳು. ತಂದುಕೊಟ್ಟೆ. ಕಾಗದವನ್ನು ಮೂಗಿನ ಹತ್ತಿರ ಹಿಡಿದಳು, ದೂರ ಹಿಡಿದಳು, ಬೆಳಕಿಗೆ ತಿರುಗಿಸಿದಳು.

“ನಮ್ಮ ಬಾವಿ ಎಲ್ಲದೆ?”

ಬೆರಳಿಟ್ಟು ತೋರಿಸಿದೆ. “ಇದೇ ಅಕ್ಕ. ಬರೆದದ್ದು ಸರಿಯಾಗಿಯೇ ಇದೆ. ಬಣ್ಣ ಮಾತ್ರ ಸ್ವಲ್ಪ ತಿಳಿ...”

“ಆದಿತ್ಯವಾರ ಆದಿತ್ಯವಾರ ನಾನೇ ನೀರ್ ಎತ್ತಿ ಕೊಟ್ಟೆ,” ಎಂದಳು. ಬೈದಿದ್ದರೆ ಸುಲಭವಿತ್ತು. ಕಾಗದವನ್ನು ಜೋಪಾನವಾಗಿ ಮಡಿಸಿ ನನ್ನ ಕೈಗಿತ್ತು, ಕೊಡ ಎತ್ತಿಕೊಂಡು ಹೊರಟಳು. ಶೋಭಾ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಂದು ನನಗೆ ಚಾ ಸಿಗಲಿಲ್ಲ. ಕೇಳುವ ಮುಖವೂ ನನಗಿರಲಿಲ್ಲ.

ಸಂಜೆ ಕುಳಿತು ನಾನು ಬರೆದ ಅಲಂಕಾರದ ಸಾಲುಗಳನ್ನೆಲ್ಲ ಅಳಿಸಿದೆ. ಮೂರು ಕೇರಿ ಕಪ್ಪು, ಗಜನಿಕೇರಿ ಕೆಂಪು. ಚೌಕ ತೆಗೆದು ಹೆಸರುಗಳನ್ನು ಗೆರೆಯ ತುದಿಯಲ್ಲೇ ಬರೆದೆ. ಸೋಮವಾರ ರಜೆ ಹಾಕಿ, ಬುದವಂತಕ್ಕನನ್ನೂ ಕರೆದುಕೊಂಡು ಆ ಕಚೇರಿಗೆ ಹೋದೆ. ಅಧಿಕಾರಿಗಳು ಹೊಸ ನಕ್ಷೆಯನ್ನು ನೋಡಿ ಮುಖ ಕಿವುಚಿದರು. “ಇದೇನ್ರೀ ಬೋಳು ಬೋಳು? ಮೊದಲಿಂದೇ ಚೆನ್ನಾಗಿತ್ತಲ್ಲ!”

ಅಂಕಿಗಳು ಅವೇ, ಬಣ್ಣ ಮಾತ್ರ ದಾರಿ ತಪ್ಪಿಸಿತು ಎಂದು ನಾನು ವಿವರಿಸುತ್ತಿದ್ದೆ. ಹೊರಗೆ ಮೇ ತಿಂಗಳ ಬಿಸಿಲು, ಒಳಗೆ ಕರೆಂಟಿಲ್ಲ. ಬುದವಂತಕ್ಕ ಚೀಲದಿಂದ ಬಾಟಲಿ ತೆಗೆದು ಅವರ ಸ್ಟೀಲಿನ ಲೋಟಕ್ಕೆ ನೀರು ಬಗ್ಗಿಸಿದಳು. ಅವರು ಕಾಗದದ ಮೇಲಿನ ಕಣ್ಣು ತೆಗೆಯದೆ ಲೋಟ ಎತ್ತಿ ಒಂದು ದೊಡ್ಡ ಗುಟುಕು ಕುಡಿದರು. ಆಮೇಲೆ ಕೆಮ್ಮಿದರು. ಕರವಸ್ತ್ರ ಹುಡುಕಿದರು. ನನ್ನ ಮೂರು ತಿಂಗಳ ಅಂಕಿಗಳು ಅವರ ಮುಖದ ಮೇಲೆ ಒಮ್ಮೆಗೇ ಮೂಡಿದವು.

“ಏನಮ್ಮ ಇದು?”

“ಅದೇ ಸಾಹೇಬ್ರೇ, ಮಾಸ್ತರ್ರ ಕೆಂಪು ಗೆರೆ,” ಎಂದಳು ಬುದವಂತಕ್ಕ.

ಆದೇಶ ಅಲ್ಲೇ ಬದಲಾಯಿತು. ಸಹಿ ಮಾಡುತ್ತ ಅವರು ನನಗೊಂದು ಮಾತು ಹೇಳಿದರು: “ಕಡತದಲ್ಲಿ ಮಾತ್ರ ಮೊದಲಿನ ನಕ್ಷೆಯೇ ಇರಲಿ ಸರ್. ಅದು ನೋಡೋಕೆ ಚೆನ್ನಾಗಿದೆ.” ಹಾಗಾಗಿ ಟ್ಯಾಂಕರ್ ಈಗ ಗಜನಿಕೇರಿಗೆ ಹೋಗುತ್ತದೆ, ಅದಕ್ಕೆ ಆಧಾರವೆಂದು ಲಗತ್ತಿಸಿದ ಕಾಗದದಲ್ಲಿ ಮೇಲಿನಕೇರಿ ನವಿಲಿನಂತೆ ಕುಣಿಯುತ್ತಿದೆ. ಇಂದಿನವರೆಗೆ ಯಾರೂ ಆಕ್ಷೇಪಿಸಿಲ್ಲ.

ನಮ್ಮ ಕೇರಿಯವರು ನನ್ನೊಡನೆ ಮಾತು ಬಿಟ್ಟರು. ಸಾಲದ್ದಕ್ಕೆ ಮೇ ಕೊನೆಯ ವಾರ ನಮ್ಮ ಬಾವಿಯೂ ಉಪ್ಪುಪ್ಪಾಯಿತು. ಶೋಭಾ ಎರಡು ಕೊಡ ಕೊಟ್ಟು ನನ್ನನ್ನು ಗಜನಿಕೇರಿಗೆ ಅಟ್ಟಿದಳು. ಅಲ್ಲಿಯ ಹೆಂಗಸರು ಹೊರಕೇರಿಯವರು ಕಡೆಗೆ ನಿಲ್ಲಬೇಕೆಂದು ಕಟ್ಟಳೆ ಮಾಡಿದ್ದರು. ಬುದವಂತಕ್ಕ ನನ್ನನ್ನು ಕಂಡು, “ಮಾಸ್ತರ್ರೇ, ನೀವು ಆ ಬದಿಗೆ,” ಎಂದು ನಕ್ಕು ಸಾಲಿನ ತುದಿ ತೋರಿಸಿದಳು. ನಿಂತೆ. ಬೆಳಗಿನ ಬಿಸಿಲು ಆಗಷ್ಟೇ ಬಿದ್ದಿತ್ತು. ಗದ್ದೆಯ ಅಂಚಿನುದ್ದಕ್ಕೂ ಪ್ಲಾಸ್ಟಿಕ್ ಕೊಡಗಳ ಸಾಲು: ಹಳದಿಯ ಪಕ್ಕ ನೇರಳೆ, ಅದರ ಪಕ್ಕ ಗಿಳಿಹಸಿರು, ಮತ್ತೆ ಅಚ್ಚ ಕೆಂಪು. ಇಂಥ ಹೊಂದಾಣಿಕೆ ನನಗೆ ಆ ಲೈಬ್ರರಿಯಲ್ಲೂ ಸಿಕ್ಕಿರಲಿಲ್ಲ. ಫೋನು ತೆಗೆದು, ಸಾಲು ಬಿಟ್ಟು ನಾಲ್ಕು ಹೆಜ್ಜೆ ಗದ್ದೆಗಿಳಿದು, ಕೋನ ಬದಲಿಸಿ ಬದಲಿಸಿ ಫೋಟೊ ಹೊಡೆದೆ. ತಲೆ ಎತ್ತಿದಾಗ ನನ್ನ ಜಾಗದಲ್ಲಿ ಇನ್ಯಾರೋ ಇದ್ದರು, ಟ್ಯಾಂಕರಿನ ಪೈಪು ಗೊರಗೊರ ಎನ್ನುತ್ತಿತ್ತು.

ಖಾಲಿ ಕೊಡ ಹಿಡಿದು ಮನೆಗೆ ಬಂದೆ. ಶೋಭಾಳ ಸಿಟ್ಟು ಇಳಿಸಲೆಂದು ಫೋಟೊ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ನಿಧಾನವಾಗಿ ನೋಡಿದಳು.

“ಚಂದ ಬಂದದೆ,” ಎಂದಳು. “ಇವತ್ತು ಊಟಕ್ಕೆ ಕೂತಾಗ ಅದನ್ನೇ ಕುಡೀರಿ.”