ಕಂಪ್ಯೂಟರ್ ಪರೀಕ್ಷೆ ಮಾಡಿದ ಟ್ರಾಲಿ ಹುಕ್ಕು

ಟ್ರಾಲಿ ಕಟ್ಟುವ ವರ್ಕ್‌ಶಾಪಿಗೆ ಸೇರುವವರಿಗೆ ಎದೆ ಗಟ್ಟಿ ಇರಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ. ಕಬ್ಬಿಣ ಎಷ್ಟು ಪೆಟ್ಟು ತಡೆಯುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಆದರೆ ವಾರಕ್ಕೊಮ್ಮೆಯಾದರೂ ಪೆಟ್ಟು ತಿನ್ನುತ್ತಿದ್ದವನು ನಾನೇ.

ತೊಂಬತ್ತರ ದಶಕದ ಮಾತು. ಲಿಂಗಸುಗೂರಿನಿಂದ ದಿನಾ ಬಸ್ಸಿನಲ್ಲಿ ಸಿಂಧನೂರಿಗೆ ಹೋಗಿಬರುತ್ತಿದ್ದೆ. ನಮ್ಮ ಮಾಲೀಕರು ಕಟ್ಟಿದ ಟ್ರಾಲಿಗಳ ಹುಕ್ಕು, ಅಂದರೆ ಟ್ರ್ಯಾಕ್ಟರಿಗೆ ಸಿಕ್ಕಿಸುವ ಕೊಂಡಿ, ಪ್ರತಿ ಸುಗ್ಗಿಯಲ್ಲೂ ಎಲ್ಲೋ ಒಂದು ಕಡೆ ಮುರಿಯುತ್ತಿತ್ತು. ಒಂದು ಕಂಪ್ಯೂಟರ್ ತರಿಸಿ, ಫೈನೈಟ್ ಎಲಿಮೆಂಟ್ ಎಂಬ ವಿದ್ಯೆಯಿಂದ ಪರೀಕ್ಷೆ ಮಾಡೋಣ ಎಂದು ಅವರ ಬೆನ್ನು ಹತ್ತಿದೆ. ಹುಕ್ಕಿನ ಚಿತ್ರವನ್ನು ಕಂಪ್ಯೂಟರಿನೊಳಗೆ ಸಾವಿರಾರು ಚೂರು ಮಾಡಿ, ಭಾರ ಎಳೆಯುವಾಗ ಯಾವ ಚೂರಿಗೆ ಎಷ್ಟು ಕಷ್ಟ ಎಂದು ನೋಡುವ ವಿದ್ಯೆ ಅದು. ಆರಾಮಾಗಿರುವ ಜಾಗ ನೀಲಿ ಕಾಣುತ್ತದೆ, ಮುರಿಯಲು ಬಂದ ಜಾಗ ಕೆಂಪು.

ಮಾಲೀಕರು ಕಂಪ್ಯೂಟರ್ ತರಿಸಿದರು. ತರಿಸಿ, ನನ್ನನ್ನು ಕೂಡಿಸಿಕೊಂಡು ಹೇಳಿದರು: “ಇಂಜಿನಿಯರ್ ಸಾಹೇಬ್ರ, ಈ ಸಲ ಹುಕ್ಕು ಮುರೀತಂದ್ರ, ನೀವು ದಿನಾ ಬಸ್ ಹತ್ತೋ ತ್ರಾಸು ತಗೋಬ್ಯಾಡ್ರಿ.”

೧. ನಡುವಿನ ಕೆಂಪು

ಹಳೆಯ ಹುಕ್ಕಿನ ಬಾಗಿದ ಜಾಗದಲ್ಲಿ ಕೆಂಪು ಬಂತು. ಅಲ್ಲಿ ಒಂದು ಪಟ್ಟಿ ಸೇರಿಸಿದೆ, ನೀಲಿಯಾಯಿತು. ಆ ಖುಷಿಯಲ್ಲೇ ಚಹಾ ಕುಡಿದು ಬಂದು ನೋಡಿದರೆ, ಹುಕ್ಕಿನ ನಟ್ಟನಡುವೆ ದುಂಡಗೆ ಒಂದು ಕೆಂಪು! ಅಷ್ಟೇನೂ ಭಾರ ಬೀಳದ ಜಾಗ ಅದು. ಕಬ್ಬಿಣ ದಪ್ಪ ಮಾಡಿ ಲೆಕ್ಕ ಹಾಕಿದೆ, ಕೆಂಪು ಹೋಗಲಿಲ್ಲ. ಭಾರ ಅರ್ಧಕ್ಕೆ ಇಳಿಸಿದೆ, ಹೋಗಲಿಲ್ಲ. ಕೊನೆಗೆ ಭಾರವನ್ನೇ ತೆಗೆದುಹಾಕಿದೆ. ಸುಮ್ಮನೆ ನಿಂತ ಹುಕ್ಕೂ ಮುರಿಯುವುದೆಂದು ಕಂಪ್ಯೂಟರ್ ಹಟ ಹಿಡಿದಿತ್ತು.

ಕಲಿತದ್ದೆಲ್ಲ ಸುಳ್ಳಾಯಿತಲ್ಲ ಎಂದು ಪೆನ್ನು ಕೆಳಗಿಟ್ಟೆ. ಪರದೆಯ ಮೇಲಿನ ಧೂಳಾದರೂ ಒರೆಸೋಣ ಎಂದು ಕರ್ಚೀಫು ತೆಗೆದೆ. ಬಾಗಿಲಲ್ಲಿ ನಿಂತಿದ್ದ ಮಾಲೀಕರ ಹೆಂಡತಿ ಚೀರಿದರು:

“ಅಯ್ಯ ಶಿವನ! ಒರೆಸಬ್ಯಾಡ್ರಿ! ಇವತ್ತು ಅಮಾಸಿ, ಪೂಜಿ ಮಾಡಿ ಕುಂಕುಮ ಹಚ್ಚೀನಿ!”

೨. ಡೊಂಕು ಟ್ರಾಲಿ

ಭಾರ ಬಿದ್ದಾಗ ಕಬ್ಬಿಣ ಬಾಗುವುದು ಕೂದಲೆಳೆಯಷ್ಟು. ಅದು ಕಣ್ಣಿಗೆ ಕಾಣಲಿ ಎಂದು ಕಂಪ್ಯೂಟರ್ ನೂರಾರು ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಇದನ್ನು ಮೊದಲು ಹೇಳದೆ, ಪಾಮನಕಲ್ಲೂರಿನಿಂದ ಟ್ರಾಲಿ ಕಟ್ಟಿಸಲು ಬಂದ ಯಜಮಾನರೊಬ್ಬರಿಗೆ ಅವರ ಟ್ರಾಲಿಯ ಚಿತ್ರ ತೋರಿಸಿಬಿಟ್ಟೆ. ಅದರ ತಳ ಜೋಳಿಗೆಯಂತೆ ಜೋತುಬಿದ್ದಿತ್ತು. ಯಜಮಾನರು ತೆರೆದ ಬಾಯಿ ಮುಚ್ಚಲಿಲ್ಲ.

“ಇನ್ನಾ ಕಟ್ಟೇ ಇಲ್ಲ, ಆಗಲೇ ಡೊಂಕಾಗೈತಲ್ರೀ!”

“ಖರೇವಂದ್ರ ಇಷ್ಟು ಬಾಗಂಗಿಲ್ರಿ ಯಜಮಾನ್ರ. ನೋಡಾಕ ಅನುಕೂಲ ಆಗ್ಲಿ ಅಂತ ದೊಡ್ಡದು ಮಾಡಿ ತೋರಸಾಕತ್ತೈತಿ.”

ಯಜಮಾನರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದೇಬಿಟ್ಟರು. “ಹೆಣ್ಣು ನೋಡಾಕ ಬರ್ರಿ ಅಂತ ಕರದು, ಹುಡುಗಿ ಮೆಳ್ಳಗಣ್ಣನ್ನ ಭೂತಗನ್ನಡ್ಯಾಗ ತೋರಸೋ ಮಂದೀನ ನಾ ಇವತ್ತ ನೋಡಿದ್ನಪ್ಪ!”

೩. ಹೊಸ ಡಿಜೈನು

ನಮ್ಮ ಕಡೆ ಟ್ರಾಲಿಗೆ ಬಣ್ಣ ಬರೆಸದೆ ಯಾರೂ ಮನೆಗೆ ಒಯ್ಯುವುದಿಲ್ಲ. ಗಿಳಿ, ಕಮಲ, ಜೋಡೆತ್ತು ಏನಾದರೂ ಇರಲೇಬೇಕು. ಅದಕ್ಕೆಂದೇ ಮಸ್ಕಿಯಿಂದ ಒಬ್ಬ ಪೇಂಟರ್ ಬರುತ್ತಿದ್ದ.

ನಾನು ಹಳೆಯ ಹುಕ್ಕಿನ ಚಿತ್ರವನ್ನು ಪರದೆ ನೋಡಿ ಬಣ್ಣದ ಪೆನ್ಸಿಲಿನಲ್ಲಿ ಬರೆದು, ವೆಲ್ಡಿಂಗ್ ಮಾಡುವವರು ನೋಡಿ ಎಚ್ಚರವಾಗಿರಲಿ ಎಂದು ಗೋಡೆಗೆ ಅಂಟಿಸಿದ್ದೆ. ಮದುವೆಯೊಂದಕ್ಕೆ ಹೋಗಿ ಬರುವಷ್ಟರಲ್ಲಿ, ಹೊಸ ಹುಕ್ಕು ಹಾಕಿದ ಮೊದಲ ಟ್ರಾಲಿ, ದಢೇಸುಗೂರಿನ ರೈತರೊಬ್ಬರದು, ಸಿದ್ಧವಾಗಿ ಅಂಗಳದಲ್ಲಿ ನಿಂತಿತ್ತು. ನೋಡಿ ದಂಗಾದೆ. ನೀಲಿ, ಹಸಿರು, ಹಳದಿಯ ಅಲೆಗಳು ಹಲಗೆಯ ಉದ್ದಕ್ಕೂ ಹರಿದು ಬಂದು, ಹುಕ್ಕಿನ ಹತ್ತಿರ ಕೆಂಡದಂಥ ಕೆಂಪು!

“ಗ್ವಾಡಿ ಮ್ಯಾಲಿಂದು ನೋಡೇ ತೆಗದೀನ್ರಿ. ಒಂದು ಗೆರಿ ಸೈತ ತಪ್ಪಿಲ್ಲ,” ಎಂದು ಪೇಂಟರ್ ಬೀಗಿದ.

ಟ್ರಾಲಿ ಒಯ್ಯಲು ಬಂದಿದ್ದ ರೈತರಿಗೆ ನಾನು ಗಾಬರಿಯಿಂದ, “ಯಜಮಾನ್ರ, ಕೆಂಪು ಅಂದ್ರ ಅಲ್ಲಿ ಮುರಿತೈತಿ ಅಂತ ಅರ್ಥರೀ. ಅಳಿಸಿ ಕೊಡಸ್ತೀನಿ,” ಎಂದೆ.

ಅವರು ಟ್ರಾಲಿಯನ್ನು ಒಂದು ಸುತ್ತು ಹಾಕಿ ನೋಡಿದರು. “ಅಳಸಬ್ಯಾಡ್ರಿ. ಇಂಥಾದ್ದು ನಮ್ಮೂರಾಗ ಯಾರ ಹತ್ರಾನೂ ಇಲ್ಲ. ಮುರಿಯೋದು ಇನ್ನೊಂಚೂರು ದೊಡ್ಡದು ಬರಸ್ರಿ.”

೪. ದಢೇಸುಗೂರಿನ ಪರೀಕ್ಷೆ

ಬಣ್ಣಕ್ಕೆ ಮನಸೋತರೂ ಆ ರೈತರು ಹುಷಾರಿಯ ಮನುಷ್ಯ. “ಹುಕ್ಕು ತಡೀತಂದ್ರ ಊರ ಮಂದಿನ್ನೆಲ್ಲ ನಿಮ್ಮಲ್ಲಿಗೇ ಕರಕೊಂಡು ಬರ್ತೀನಿ. ಮುರೀತಂದ್ರ ನಿಮ್ಮ ಟ್ರಾಲಿ ನಿಮ್ಮ ಅಂಗಳಕ್ಕ,” ಎಂದು ಮಾಲೀಕರನ್ನೂ ನನ್ನನ್ನೂ ತಮ್ಮ ಗದ್ದೆಗೇ ಕರೆದೊಯ್ದರು.

ಕಾಲುವೆ ಪಕ್ಕದ ಹಸಿ ನೆಲ. ಟ್ರಾಲಿ ತುಂಬ ನೆಲ್ಲಿನ ಚೀಲ ಒಟ್ಟಿದರು. ತುಂಬಿದ ಮೇಲೆ ಮತ್ತೆ ಒಟ್ಟಿದರು. ಅದರ ಮೇಲೆ ತಮಾಷೆ ನೋಡಲು ಬಂದ ಮಂದಿ ಹತ್ತಿ ಕುಳಿತರು. ಇಷ್ಟು ಭಾರ ನನ್ನ ಲೆಕ್ಕದಲ್ಲೇ ಇರಲಿಲ್ಲ. ಬೇಡ ಎನ್ನಲು ಬಾಯಿ ತೆರೆದೆ, ಮಾಲೀಕರು ನನ್ನ ಮುಖ ನೋಡಿದರು, ಮುಚ್ಚಿಕೊಂಡೆ. ಚಕ್ರಗಳು ಅಚ್ಚಿನವರೆಗೂ ಕೆಸರಿನಲ್ಲಿ ಹೂತಿದ್ದವು. ರೈತರೇ ಟ್ರ್ಯಾಕ್ಟರ್ ಹತ್ತಿ ಗೇರು ಹಾಕಿ ಎಳೆದರು.

ಫಟಾರ್!

ನಾನು ಕಣ್ಣು ಮುಚ್ಚಿದೆ. ನನ್ನ ನೌಕರಿ ಮುರಿದ ಸದ್ದೇ ಅದು ಎನ್ನುವುದರಲ್ಲಿ ಅನುಮಾನ ಇರಲಿಲ್ಲ. ಆದರೆ ಯಾರೂ ಬೈಯುತ್ತಿಲ್ಲ! ಮೆಲ್ಲಗೆ ಕಣ್ಣು ತೆರೆದೆ. ಹುಕ್ಕು ಇದ್ದಲ್ಲೇ ಇತ್ತು, ಪಿನ್ನೂ ಇತ್ತು, ಬಣ್ಣ ಸಹ ಎದ್ದಿರಲಿಲ್ಲ. ಟ್ರ್ಯಾಕ್ಟರಿನ ಹಿಂದೆ ಹುಕ್ಕು ಸಿಕ್ಕಿಸುವ ಕಬ್ಬಿಣದ ಪಟ್ಟಿ ಮಾತ್ರ ಬುಡಸಮೇತ ಕಿತ್ತುಬಂದು ನಮ್ಮ ಹುಕ್ಕಿಗೆ ನೇತಾಡುತ್ತಿತ್ತು. ಹಗ್ಗ ಕಡಿದ ಎತ್ತಿನಂತೆ ಟ್ರ್ಯಾಕ್ಟರ್ ಮುಂದಿನವರ ಗದ್ದೆಗೆ ನುಗ್ಗಿ ನಿಂತಿತ್ತು. ಟ್ರ್ಯಾಕ್ಟರ್ ಕಡೆಯದು ಬಂಡೆಯಂತೆ ಗಟ್ಟಿ, ಅದರ ಚಿಂತೆ ಬೇಡ ಎಂದು ಕಂಪ್ಯೂಟರಿಗೆ ನಾನೇ ಹೇಳಿದ್ದೆ.

ರೈತರು ಕೆಸರಿನಲ್ಲಿ ಕಾಲು ಕಿತ್ತುಕೊಂಡು ಬಂದರು. ನೇತಾಡುವ ಪಟ್ಟಿಯನ್ನು ನೋಡಿದರು, ದೂರದ ಟ್ರ್ಯಾಕ್ಟರನ್ನು ನೋಡಿದರು, ನಮ್ಮಿಬ್ಬರನ್ನು ನೋಡಿದರು.

“ಎಂಥಾ ಹುಕ್ಕು ಮಾಡೀರೋ ಮಾರಾಯ್ರ! ಇದನ್ನ ತಡಿಯೋ ಟ್ರ್ಯಾಕ್ಟರ್ ಎಲ್ಲೀದು ತರ್ಲಿ ನಾನು? ಅದನ್ನೂ ನೀವ ಮಾಡಿ ಕೊಡ್ರಿ!”

ಮನೆಬಾಗಿಲಿಗೆ ಬಂದ ಗಿರಾಕಿಯನ್ನು ಜೀವಮಾನದಲ್ಲಿ ಬರಿಗೈಲಿ ಕಳಿಸದ ನಮ್ಮ ಮಾಲೀಕರು ನೇತಾಡುವ ಪಟ್ಟಿಯನ್ನೊಮ್ಮೆ ತಟ್ಟಿ ನೋಡಿದರು. ಆಮೇಲೆ ನನ್ನ ಕಿವಿಗೆ ಬಾಯಿ ತಂದು ಪಿಸುಗುಟ್ಟಿದರು:

“ಸಾಹೇಬ್ರ, ಟ್ರ್ಯಾಕ್ಟರಿಗೆ ಎಷ್ಟು ದಿನಾ ಹಿಡಿತೈತ್ರಿ?”