ಸೆಲ್ಲಾರಿನೊಳಗಿನ ಸಿಮ್ಲಾ

ಉಷಾ: ತೆಳ್ಳಗಿಂದು ಸಾಕ್ರೀ ಅಂದ್ರ ಸಾಕು!

ನರಹರಿ: ಮೇ ತಿಂಗಳ ಬಿಸಿಲದು. ತೆಳ್ಳಗಿನ ಎಸಿ ಗಾಳಿ ನಿನ್ನ ಮೂಗಿನ ತನಕಾನೂ ಬರೂದಿಲ್ಲ.

ಕೂಕಟ್‌ಪಲ್ಲಿಯ ಅಪಾರ್ಟ್‌ಮೆಂಟೊಂದರ ಸೆಲ್ಲಾರು, ಅಂದರೆ ನೆಲಮಾಳಿಗೆಯ ಪಾರ್ಕಿಂಗ್ ಜಾಗ. ನರಹರಿರಾಯರು ಸರ್ಕಾರಿ ಕಾರ್ಖಾನೆಯ ಖರೀದಿ ವಿಭಾಗದಿಂದ ನಿವೃತ್ತರಾದವರು. ಕೊತ್ತಂಬರಿಗೂ ಮೂರು ಕಡೆ ಕೊಟೇಶನ್ ಕೇಳುವ ಚಟ ಮಾತ್ರ ನಿವೃತ್ತವಾಗಿಲ್ಲ. ಹಳೇ ಮಿನಿ ಬಸ್ಸಿಗೆ ಮಂಚ, ಒಲೆ ಕೂಡಿಸಿ ಕ್ಯಾರವಾನ್ ಮಾಡಿಸಿದ್ದಾರೆ. ಈಗ ಅದರ ನೆತ್ತಿಗೊಂದು ಎಸಿ ಬೇಕು. ನಾಳೆ ಹುಬ್ಬಳ್ಳಿಯಲ್ಲಿ ಹೆಂಡತಿ ಉಷಾಳ ತಂಗಿ ಮಗಳ ನಿಶ್ಚಯ, ಇಂದೇ ಹೊರಡಬೇಕು. ಹಿಮಾಯತ್‌ನಗರದ ಅಂಗಡಿಯ ಅಂಬಾದಾಸ ಎರಡು ಎಸಿ ತಂದಿಟ್ಟಿದ್ದಾನೆ: ಒಂದು ತೆಳ್ಳಗಿನದು, ಇನ್ನೊಂದು ಡುಬ್ಬದ್ದು.

ಉಷಾ: ಹೋದ ಬ್ಯಾಸಗಿ ನನ್ನ ತಮ್ಮನ ಮಗನ ಮುಂಜಿವಿಗೂ ಇದರಾಗ ಹೋಗೂದಿತ್ತು. ನೀವು ಎಸಿ ಆರಿಸ್ಕೋತ ಕೂತ್ರಿ. ಆ ಹುಡುಗ ಈಗ ಮೀಸಿ ತೀಡ್ಲಿಕತ್ತಾನ.

ನರಹರಿ: ಬದನಿಕಾಯಿ ಆರಿಸಿದಂಗಲ್ಲ ಇದು. ಮೂವತ್ತು ವರ್ಷ ಖರೀದಿ ವಿಭಾಗದಾಗ ಇದ್ದಾಂವ ನಾನು!

ಉಷಾ: ಅದಕ್ಕ ಅಲ್ಲಿಂದ ಒಂದು ಫೈಲೂ ಹೊರಗ ಬರ್ತಿರಲಿಲ್ಲ.

ಅಂಬಾದಾಸ: ಅಕ್ಕಾರು ಹೇಳೂದು ಖರೇ ಐತ್ರಿ.

ನರಹರಿ: ಏನಂದಿ?

ಅಂಬಾದಾಸ: ಸರ್ ಹೇಳೂದು ಇನ್ನೂ ಖರೇ ಐತ್ರಿ. ಈ ಡುಬ್ಬದ್ದು ಹಾಕಿದ್ರ ಒಳಗ ಸೀದಾ ಸಿಮ್ಲಾರಿ.

ಉಷಾ: ಇದನ್ನ ಮ್ಯಾಲೆ ಕೂಡಿಸಿದ್ರ ಗಾಡಿ ಎಷ್ಟು ಎತ್ತರ ಆಗ್ತದಪ್ಪಾ?

ನರಹರಿ: ಟೆಕ್ನಿಕಲ್ ಮಾತಿನಾಗ ಬಾಯಿ ಹಾಕಬ್ಯಾಡ. ಟನ್ ಕೇಳು, ವ್ಯಾಟ್ ಕೇಳು, ಬ್ಯಾಟರಿ ಕೇಳು. ಎತ್ತರ ಕೇಳ್ತಾಳ, ವರಾ ನೋಡ್ಲಿಕ್ಕೆ ಬಂದಂಗ!

ಉಷಾ: ವರಾ ನೋಡಿದಾಗ ನಮ್ಮಪ್ಪ ಎತ್ತರ ಅಷ್ಟೇ ನೋಡಿದ್ರು. ತಲಿಯೊಳಗ ಏನದ ಅಂತ ನೋಡ್ಲಿಲ್ಲ.

ಡುಬ್ಬದ್ದೇ ಗೆದ್ದಿತು. ಅಂಬಾದಾಸ ಅಂಟು ಬಳಿದು, ಬೋಲ್ಟು ಬಿಗಿದು ಕೆಳಗಿಳಿದ. ರಾಯರು ಎಸಿ ಹಚ್ಚಿ, ಶಾಲು ಹೊದ್ದು ಸ್ಟೇರಿಂಗ್ ಹಿಡಿದರು. ಗಾಡಿ ಗಂಭೀರವಾಗಿ ಗೇಟಿನವರೆಗೆ ಹೋಗಿ, ಮೇಲಿನ ಬೀಮಿಗೆ ಢಬ್ಬೆಂದು ನೆತ್ತಿ ಬಡಿದುಕೊಂಡು ನಿಂತಿತು.

ನರಹರಿ: ಈ ಬೀಮು ಯಾವಾಗ ಕಟ್ಟಿದ್ರು?

ಉಷಾ: ನೀವು ಮೂರನೇ ಕೊಟೇಶನ್ ತರ್ಲಿಕ್ಕೆ ಹೋದಾಗ ಇರಬೇಕು.

ನರಹರಿ: ಅಂಬಾದಾಸ, ಬಿಚ್ಚು ಇದನ್ನ!

ಅಂಬಾದಾಸ: ಅಂಟು ಒಣಗೂತನಾ ಮುಟ್ಟಬಾರದ್ರಿ. ನಾಳಿಗಿ ಬರ್ತೀನಿ. ಅಂದಂಗ ಸಿಮ್ಲಾ ಹೆಂಗೈತ್ರಿ ಸರ್?

ಅಷ್ಟರಲ್ಲಿ ಉಷಾ ಹೊರಗೆ ನಿಂತಿದ್ದ ಆಟೋಕ್ಕೆ ಬ್ಯಾಗು ಏರಿಸಿದ್ದಳು.

ನರಹರಿ: ಎಲ್ಲಿಗೆ?

ಉಷಾ: ಕಾಚಿಗೂಡಕ್ಕ. ರೈಲಿಗೆ.

ನರಹರಿ: ಇಂಥಾ ಸೆಕಿಯೊಳಗ ರೈಲೇ?

ಉಷಾ: ಎಸಿ ಡಬ್ಬಿ ಅದ. ಅದನ್ನ ಆರಿಸಿದಾಂವ, ರೈಲು ಸ್ಟೇಶನ್ ಬಿಟ್ಟು ಹೊರಗ ಹೋಗ್ತದೋ ಇಲ್ಲೋ ಅಂತ ಮೊದಲ ನೋಡ್ಯಾನ.

ರಾಯರು ಶಾಲು ತೆಗೆದು ಮಡಚಿದರು.

ನರಹರಿ (ಮೆತ್ತಗೆ): ಒಂದೇ ಟಿಕೀಟೇನು?

ಉಷಾ: ಎರಡದಾವ. ನೀವು ‘ಈ ಸಲ ಖಂಡಿತ ಕ್ಯಾರವಾನಿನಾಗ’ ಅಂದ ದಿನಾನ ತೆಗಿಸೀನಿ. ಕೆಳಗಿನ ಬರ್ತ್ ನಂದು, ಮ್ಯಾಲಿಂದು ನಿಮ್ದು. ಏರೂಮುಂದ ಎತ್ತರ ನೋಡ್ಕೊಂಡು ತಲಿ ಬಗ್ಗಸ್ರಿ.